ರೇಸಿನಲ್ಲಿ ಹಣ ಹೂಡಹೊರಟ ಸಾಹುಕಾರರಿಗೊಂದು ಬಹಿರಂಗ ಪತ್ರ

ಮಾನ್ಯರೆ,

ತಾವು ರೇಸ್‌ಕೋರ್ಸ್ ವ್ಯವಹಾರಕ್ಕೆ ಇಳಿಯುತ್ತಿದ್ದೀರೆಂದು ಕೇಳಿ, ಬೆಂಗಳೂರಿನ ಅಗ್ಗದ ಸ್ಟ್ಯಾಂಡಿನ ಹಳೆಯ ಪಂಟರ್ ಆದ ನನಗೆ ಪರಮ ಸಂತೋಷವಾಯಿತು. ಕುದುರೆ ಬಾಲಕ್ಕೆ ದುಡ್ಡು ಕಟ್ಟುವವರೆಂದು ಊರು ಇಷ್ಟು ವರ್ಷ ನಮ್ಮನ್ನು ನೋಡಿ ನಕ್ಕಿದೆ. ತಾವು ಬಾಲದ ಜೊತೆಗೆ ಕುದುರೆ, ಲಾಯ, ಸ್ಟ್ಯಾಂಡು ಎಲ್ಲಕ್ಕೂ ದುಡ್ಡು ಕಟ್ಟುವವರು. ಊರಿಗೆ ನಗಲು ದೊಡ್ಡ ಆಸಾಮಿಯೇ ಸಿಕ್ಕಂತಾಯಿತು.

ಮೊದಲು ಜಾಗದ ವಿಚಾರ. ಬೆಂಗಳೂರಿನ ನಟ್ಟನಡುವೆ ಸುಮಾರು 85 ಎಕರೆ. ಟರ್ಫ್ ಕ್ಲಬ್ಬಿನ ಗುತ್ತಿಗೆ 2009ರ ಕೊನೆಗೇ ಮುಗಿದಿದೆ. ಅಲ್ಲಿಂದೀಚೆಗೆ ಕುದುರೆಗಳನ್ನು ಎಬ್ಬಿಸುತ್ತೇವೆಂದ ಸರ್ಕಾರಗಳೆಲ್ಲ ತಾವೇ ಎದ್ದುಹೋದವು. ಚಿಕ್ಕಜಾಲಕ್ಕೆ ಎಂದರು, ಕುಣಿಗಲ್‌ಗೆ ಎಂದರು. ರೇಸ್‌ಕೋರ್ಸ್ ಪಕ್ಕದ ರಸ್ತೆಯ ಮಂತ್ರಿಗಳ ಬಂಗಲೆಗಳಿಗೆ ‘ರೇಸ್ ವ್ಯೂ ಕಾಟೇಜ್’ ಎಂದು ಹೆಸರು. ರೇಸ್ ಹೋದರೆ ಆ ಬೋರ್ಡುಗಳನ್ನೆಲ್ಲ ಹೊಸದಾಗಿ ಬರೆಸಬೇಕಲ್ಲ, ತಡವಾಗುತ್ತಿರುವುದು ಅದಕ್ಕೇ ಇದ್ದೀತು.

ನಮ್ಮವರು ನಿಧಾನಿಗಳು. ಚೆನ್ನೈಯವರು ಹಾಗಲ್ಲ. ಗಿಂಡಿ ರೇಸ್‌ಕೋರ್ಸಿನ 160 ಎಕರೆಯನ್ನು ಅಲ್ಲಿನ ರೇಸ್ ಕ್ಲಬ್ಬಿಗೆ 1945ರಿಂದ 99 ವರ್ಷಕ್ಕೆ ಗುತ್ತಿಗೆ ಕೊಟ್ಟಿದ್ದರು. ಬಾಡಿಗೆ ವರ್ಷಕ್ಕೆ 614 ರೂಪಾಯಿ 13 ಪೈಸೆ. ಆ 13 ಪೈಸೆಯ ಲೆಕ್ಕ ಇಟ್ಟವರಿಗೆ ಕೈಮುಗಿಯಬೇಕು. 2024ರ ಸೆಪ್ಟೆಂಬರಿನಲ್ಲಿ ತಮಿಳುನಾಡು ಸರ್ಕಾರ ಗುತ್ತಿಗೆ ರದ್ದುಮಾಡಿ ಗೇಟಿಗೆ ಬೀಗ ಹಾಕಿತು. ಮರುತಿಂಗಳೇ ಸಿಂಗಪುರ ತನ್ನ 182 ವರ್ಷಗಳ ಕುದುರೆ ಪಂದ್ಯಕ್ಕೆ ಮಂಗಳ ಹಾಡಿತು. ಆ ಜಾಗದಲ್ಲಿ ಮನೆ ಕಟ್ಟುತ್ತಾರಂತೆ. ಹೀಗಾಗಿ ತಮ್ಮ ನೂರು ಕುದುರೆಗಳು ಒಟ್ಟಿಗೆ ಓಡಿದರೂ, ಅವುಗಳ ಕಾಲಡಿಯಲ್ಲಿ ಸುಮ್ಮನೆ ಬಿದ್ದಿರುವ ಮಣ್ಣಿನ ಬೆಲೆಯನ್ನು ಹಿಂದೆ ಹಾಕಲಾರವು.

ಇನ್ನು ತೆರಿಗೆ. ಕುದುರೆ ರೇಸ್ ಬರೀ ಅದೃಷ್ಟದ ಜೂಜಲ್ಲ, ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ನನ್ನ ಕೌಶಲಕ್ಕೆ ದೇಶದ ಅತ್ಯುನ್ನತ ನ್ಯಾಯಾಲಯದ ಮುದ್ರೆ ಬಿದ್ದಿದೆ. ಮನೆಯವರು ಮಾತ್ರ ಇನ್ನೂ ಒಪ್ಪಿಲ್ಲ. ಜಿಎಸ್‌ಟಿಯವರೂ ಒಪ್ಪಿಲ್ಲ, ನಮ್ಮನ್ನು ಕ್ಯಾಸಿನೊಗಳ ಪಂಕ್ತಿಯಲ್ಲೇ ಕೂರಿಸಿದ್ದಾರೆ. ಕ್ಲಬ್ಬಿನ ಕಮಿಷನ್ನಿಗೆ ಮಾತ್ರ ತೆರಿಗೆ ಎಂದು 2021ರಲ್ಲಿ ನಮ್ಮ ಹೈಕೋರ್ಟ್ ಹೇಳಿತ್ತು. ದೆಹಲಿಯವರು ಕಾನೂನನ್ನೇ ತಿದ್ದಿ, 2023ರ ಅಕ್ಟೋಬರಿನಿಂದ ಕಟ್ಟಿದ ಪೂರ್ತಿ ಮೊತ್ತಕ್ಕೆ ಶೇ. 28 ಎಂದರು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 40. ಸಾಬೂನು, ಶಾಂಪೂ ಅಗ್ಗವಾದ ದಿನವೇ ನಾವು ತುಟ್ಟಿಯಾದೆವು. ನಾನು ನೂರು ರೂಪಾಯಿ ಬೆಟ್ ಕಟ್ಟಿದರೆ ಸರ್ಕಾರಕ್ಕೆ ನಲವತ್ತು ಖಾತ್ರಿ, ಅದೂ ಕುದುರೆ ಗೇಟು ಬಿಡುವ ಮೊದಲೇ. ಫೋಟೊ ಫಿನಿಷ್ ಬೇಕಾಗಿಲ್ಲ, ಟಿಪ್ ಬೇಕಾಗಿಲ್ಲ. ಇದಕ್ಕಿಂತ ನಂಬಿಕಸ್ಥ ಪಂಟರನ್ನು ನಾನಂತೂ ಯಾವ ಸ್ಟ್ಯಾಂಡಿನಲ್ಲೂ ಕಂಡಿಲ್ಲ. ರೇಸಿನಲ್ಲಿ ಹ್ಯಾಂಡಿಕ್ಯಾಪ್ ಎಂದೊಂದು ಪದ್ಧತಿಯಿದೆ: ಚೆನ್ನಾಗಿ ಓಡಿ ಗೆದ್ದ ಕುದುರೆಯ ಬೆನ್ನಿಗೆ ಮುಂದಿನ ಸಲ ಹೆಚ್ಚಿನ ಸೀಸ ಹೇರುತ್ತಾರೆ. ನಮ್ಮ ಮೇಲೆ ಸೀಸ ಹೇರಲು ಗೆಲ್ಲುವವರೆಗೂ ಯಾರೂ ಕಾಯಲಿಲ್ಲ.

ಕಾನೂನು ಇಷ್ಟು ಮಡಿವಂತವಾದ ಮೇಲೆ ಜೂಜು ಕಡಿಮೆಯಾಗಿರಬೇಕೆಂದು ತಾವು ತಿಳಿಯಬಹುದು. ಪಾಪ, ತಾವು ಹೊಸಬರು. ತೆರಿಗೆಯೂ ಇಲ್ಲ, ರಸೀದಿಯೂ ಇಲ್ಲ ಎನ್ನುವ ಬುಕ್ಕಿ ಫೋನಿನಲ್ಲೇ ಸಿಗುವಾಗ ಕ್ಲಬ್ಬಿನ ಅಧಿಕೃತ ಬೆಟ್ಟಿಂಗ್ ಕಿಟಕಿಯಾದ ಟೋಟಿನ ಮುಂದೆ ಸಾಲುಗಟ್ಟಿ ನಿಲ್ಲುವುದು ನನ್ನಂಥ ದೇಶಭಕ್ತರು ಮಾತ್ರ.

ಪ್ರೇಕ್ಷಕರಿಗಾಗಿ ತಾವು ಭವ್ಯ ಸ್ಟ್ಯಾಂಡ್ ಕಟ್ಟಿಸುತ್ತೀರಂತೆ. ದಯವಿಟ್ಟು ಟಿವಿಗಳನ್ನು ಮರೆಯಬೇಡಿ. ಇಲ್ಲಿ ರೇಸ್ ಇಲ್ಲದ ದಿನವೂ ನಾವು ಬರುತ್ತೇವೆ. ಮೈಸೂರು, ಹೈದರಾಬಾದ್, ಪುಣೆ, ಎಲ್ಲಿ ಓಡಿದರೂ ಇಲ್ಲಿಂದಲೇ ಕಟ್ಟುತ್ತೇವೆ. ನಾವು ನೋಡುವುದು ಟಿವಿಯನ್ನಷ್ಟೆ. ಕುದುರೆಯನ್ನು ಕುದುರೆಯಾಗಿ ನೋಡುವವರು ಲಾಯದ ಸಯೀಸರು ಮಾತ್ರ. ಬೆಳಗಿನ ಜಾವ ಎದ್ದು ಅದರ ಮೈ ತಿಕ್ಕಿ, ಹುರುಳಿ ಹಾಕಿ, ಅದು ಗೆದ್ದಾಗ ಫೋಟೊದ ಅಂಚಿನಲ್ಲಿ ಲಗಾಮು ಹಿಡಿದು ನಿಲ್ಲುವವರು. ತಮ್ಮ ಹೂಡಿಕೆಯ ಯೋಜನೆಯಲ್ಲಿ ಅವರಿಗೆ ಮನೆಯ ಏರ್ಪಾಡು ಇದೆಯೆ? ಈ ಪ್ರಶ್ನೆ ತಮಾಷೆಗಲ್ಲ.

ಇಷ್ಟಾದ ಮೇಲೂ ಹಣ ಹಾಕಿಯೇ ತೀರುವೆನೆಂದರೆ ಲಾಯದ ಲದ್ದಿಯ ಗುತ್ತಿಗೆ ಹಿಡಿಯಿರಿ. ಫೇವರಿಟ್ ಕುದುರೆ ಕೊನೆಗೆ ಬಂದ ದಿನವೂ ಆ ಮಾಲಿನಲ್ಲಿ ಕೊರತೆಯಾಗುವುದಿಲ್ಲ. ಕೊಳ್ಳಲು ನನ್ನ ಗುರುತಿನ ಗುಲಾಬಿ ತೋಟದವರೊಬ್ಬರಿದ್ದಾರೆ, ದರ ಮಾತಾಡಿಕೊಡುತ್ತೇನೆ. ನನ್ನ ಕಮಿಷನ್ ಶೇ. 40.

ಇಂತಿ ತಮ್ಮ ವಿಶ್ವಾಸಿ,
ಅಗ್ಗದ ಸ್ಟ್ಯಾಂಡಿನ ಪಂಟರ್