ಪ್ರಾಥಮಿಕ ಶೃಂಖಲಾ ದೃಢೀಕರಣ ಮೀಮಾಂಸೆ

ಎಂಜಿನ್ನಿನ ಗರ್ಭದಲ್ಲಿ ಉತ್ಪನ್ನವಾದ ಶಕ್ತಿಯು ಕ್ಲಚ್ಚನ್ನು ಸೇರುವುದಕ್ಕೆ ಮುನ್ನ ಯಾವ ಸರಪಳಿಯನ್ನು ಆಶ್ರಯಿಸಲೇಬೇಕೋ, ಮುಚ್ಚಿದ ಡಬ್ಬಿಯೊಳಗೆ ಎಣ್ಣೆಯಲ್ಲಿ ಮಿಂದು ತಿರುಗುವ ಕಾರಣದಿಂದ ಯಾವುದು ಒಡೆಯನ ಕಣ್ಣಿಗೆ ಎಂದೂ ಬೀಳದೋ, ಆ ಪ್ರಾಥಮಿಕ ಚಾಲನಾ ಶೃಂಖಲೆಯನ್ನು ದೃಢೀಕರಿಸುವುದೊಂದೇ, ಅಂದರೆ ಬಲಪಡಿಸುವುದೊಂದೇ, ಪುರಾತನ ಮೋಟಾರು ಸೈಕಲ್ಲುಗಳ ಉದ್ಧಾರಕ್ಕೆ ಮಾರ್ಗವೆಂದು ನಮ್ಮ ಸೀಮೆಯಲ್ಲಿ ಜರುಗಿದ ಒಂದು ವಿಚಾರ ಸಂಕಿರಣದಲ್ಲಿ ಸರ್ವಾನುಮತದಿಂದ ನಿರ್ಣಯವಾಯಿತು. ಆ ಸಭೆಯಲ್ಲಿ ಮಂಡಿತವಾದ ಪ್ರೌಢ ಪ್ರಬಂಧಗಳನ್ನು ಮುಂಜಾನೆಯಿಂದ ಸಾಯಂಕಾಲದವರೆಗೆ ಆಲಿಸುವ ಪುಣ್ಯಕ್ಕೆ ಪಾತ್ರನಾದ ನಾನು, ಅವುಗಳ ಸಾರವನ್ನು ಲೋಕಹಿತಾರ್ಥವಾಗಿ ಇಲ್ಲಿ ನಿವೇದಿಸುತ್ತಿರುವೆನು.

ದೃಢೀಕರಣವು ಪ್ರದೇಶಭೇದದಿಂದ ಪಂಚವಿಧವೆಂದು ಬಲ್ಲವರು ಹೇಳಿರುವರು. ನಿಪ್ಪಾಣಿಯದು ವೇಗಪ್ರಧಾನ, ಚಿಕ್ಕೋಡಿಯದು ನಿರೀಕ್ಷಾಪ್ರಧಾನ, ರಾಯಬಾಗದ್ದು ಭಾರಪ್ರಧಾನ, ಅಥಣಿಯದು ತೈಲಪ್ರಧಾನ, ಕಾಗವಾಡದ್ದು ಸೀಮಾಪ್ರಧಾನ.

ನಿಪ್ಪಾಣಿಯ ಪ್ರಸ್ಥಾನವು ಪುಣೆ–ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲಿ ಹುಟ್ಟಿದ್ದರಿಂದ ವೇಗವನ್ನೇ ಪರಬ್ರಹ್ಮವೆಂದು ಭಾವಿಸುತ್ತದೆ. ಈ ಮತಾನುಯಾಯಿಗಳು ಮೊದಲು ಕಾರ್ಬ್ಯುರೇಟರನ್ನು ಹಿಗ್ಗಿಸುವರು, ಅನಂತರ ಪಿಸ್ಟನ್ನನ್ನು ಬದಲಿಸುವರು, ಸೈಲೆನ್ಸರಿನ ಕರುಳನ್ನು ಕಿತ್ತೆಸೆಯುವರು. ಹೀಗೆ 18 ಅಶ್ವಶಕ್ತಿಯ ಎನ್‌ಫೀಲ್ಡ್ ಬುಲೆಟ್ಟನ್ನು ಉಗ್ರನರಸಿಂಹನನ್ನಾಗಿಸಿದ ಮೇಲೆ, ಒಳಗಿನ ಚೈನು ಯಾಕೋ ಗಡಗಡಿಸುತ್ತಿದೆಯೆಂದು ವಿಸ್ಮಯಪಡುವರು. ಇಂಗ್ಲೆಂಡಿನ ನಾರ್ಟನ್ ಕಮಾಂಡೋಗೆ ಮೂರು ಸಾಲಿನ ಸರಪಳಿ ಇರುವಾಗ ನಮ್ಮ ಬುಲೆಟ್ಟಿಗೆ ಎರಡೇ ಸಾಲು ಏಕೆಂಬುದು ಇವರ ಪೂರ್ವಪಕ್ಷ. ಸರಪಳಿಯನ್ನೇ ತೊರೆದು ಹಲ್ಲಿನ ಬೆಲ್ಟನ್ನು ಧರಿಸತಕ್ಕದ್ದೆಂಬುದು ಸಿದ್ಧಾಂತ. ಬೆಲ್ಟಿಗೆ ಎಣ್ಣೆ ಆಗದು. ಎಣ್ಣೆಯಿಲ್ಲದ ಡಬ್ಬಿಯಲ್ಲಿ ಶಾಖ ಏರುವುದು. ಶಾಖ ಹೋಗಲೆಂದು ಮುಚ್ಚಳಕ್ಕೆ ತೂತು ಕೊರೆಯಬೇಕು. ಆಷಾಢದಲ್ಲಿ ತವನಿಧಿ ಘಟ್ಟವನ್ನು ಹತ್ತುವಾಗ ಆ ತೂತಿನಿಂದ ಒಳಹೋಗುವ ಕೆಸರುನೀರಿನ ವಿಷಯದಲ್ಲಿ ಮಾತ್ರ ಗ್ರಂಥಕಾರರು ಮೌನ ವಹಿಸಿರುವರು.

ಚಿಕ್ಕೋಡಿಯ ಪ್ರಸ್ಥಾನದಲ್ಲಿ, ಪಟ್ಟಣವು ತಾನು ಕೇಳುತ್ತ ಬಂದಂತೆ ಜಿಲ್ಲಾಕೇಂದ್ರವಾಗುವ ತನಕ ಯಾವ ನಟ್ಟನ್ನೂ ಬಿಗಿಯತಕ್ಕದ್ದಲ್ಲ.

ರಾಯಬಾಗದ ಪ್ರಸ್ಥಾನವನ್ನು ವಿಸ್ತರಿಸಲು ಹೊರಟ ಉಪನ್ಯಾಸಕರು 'ಭಾರ' ಎಂಬುದನ್ನು ಶುದ್ಧಭಾರ, ಸಂಕೀರ್ಣಭಾರ, ಆರೋಪಿತಭಾರವೆಂದು ವಿಭಾಗಿಸಿ, ಆರೋಪಿತಭಾರವನ್ನು ಪುನಃ ಸಜೀವ ನಿರ್ಜೀವಗಳೆಂದು ಒಡೆದು ನಕ್ಷೆ ಬರೆಯುತ್ತಿದ್ದಾಗ, ಹಿಂದಿನ ಸಾಲಿನಲ್ಲಿ ಕುಳಿತಿದ್ದ ಅಥಣಿ ಕಡೆಯ ಮಿಸ್ತ್ರಿಯೊಬ್ಬರು ಮೆಲ್ಲಗೆ ನಕ್ಕರು. ಹಾಲಿನ ಕ್ಯಾನು ಎರಡೂ ಮಗ್ಗುಲಿಗೆ ತೂಗಿಬಿಟ್ಟು, ಹಿಂದೆ ಮೇವಿನ ಹೊರೆ ಬಿಗಿದು, ಅದರ ಮೇಲೆ ಮಗನನ್ನು ಕೂರಿಸಿ ಯೆಜ್ದಿ ಓಡಿಸಿದವರ ಗಾಡಿಗಳನ್ನು ಆಯುಷ್ಯಪೂರ್ತಿ ದುರಸ್ತಿ ಮಾಡಿದ ಮನುಷ್ಯ ಅವರು. ವೇದಿಕೆಯ ಮೇಲಿನ ಬುಲೆಟ್ಟನ್ನು ಬಿಚ್ಚಿ ತೋರಿಸುವ ಸಲುವಾಗಿ ಅವರನ್ನು ಕರೆಸಿದ್ದರು. ಮಾತಾಡುವ ಸಲುವಾಗಿ ಅಲ್ಲ.

ಕರೆ ಬಂದಾಗ ಮಿಸ್ತ್ರಿ ಎಡಗಡೆಯ ಕಾಲುಮೆಟ್ಟನ್ನು ಬಿಚ್ಚಿ, ನಡುಮಧ್ಯದ ಒಂದೇ ನಟ್ಟಿಗೆ ಪಾನಾ ಹಾಕಿ ತಿರುವಿದರು. ಹಳೆಯ ಬುಲೆಟ್ಟಿನ ಆ ಮುಚ್ಚಳ ನಿಂತಿರುವುದೇ ಆ ಒಂದು ನಟ್ಟಿನ ಮೇಲೆ. ಎಣ್ಣೆ ಸೋರುತ್ತದೆಂದು ಅದನ್ನೇ ಅತಿಯಾಗಿ ಬಿಗಿದು ಮುಚ್ಚಳವನ್ನು ಸೊಟ್ಟಗೆ ಮಾಡಿ ಇನ್ನಷ್ಟು ಸೋರಿಸಿಕೊಂಡ ದೃಢೀಕರಣಕಾರರನ್ನು ನಾನು ಬಲ್ಲೆ. ಕರಿ ಎಣ್ಣೆ ತಗಡಿನ ಬುಟ್ಟಿಗೆ ಇಳಿಯಿತು. ಮುಂದೆ 25 ಹಲ್ಲಿನ ಸಣ್ಣ ಚಕ್ರ, ಹಿಂದೆ 56 ಹಲ್ಲಿನ ಕ್ಲಚ್ಚಿನ ಚಕ್ರ, ನಡುವೆ ಆ ಎರಡು ಸಾಲಿನ ಚೈನು. ಮಿಸ್ತ್ರಿ ಕಿಕ್ಕನ್ನು ಕೈಯಿಂದಲೇ ಒಂದಿಷ್ಟು ಒತ್ತಿ, ಚೈನು ಎಲ್ಲಿ ಅತ್ಯಂತ ಬಿಗಿಯಾಗುತ್ತದೋ ಅಲ್ಲಿ ನಿಲ್ಲಿಸಿ, ತೋರುಬೆರಳಿನಿಂದ ಮೇಲೆ ಕೆಳಗೆ ಆಡಿಸಿದರು. ಕಾಲು ಅಂಗುಲದಷ್ಟು ಆಡಿತು, ಆಡಬೇಕಾದ್ದೂ ಅಷ್ಟೆ. ಕಾದ ಮೇಲೆ ಅಲ್ಯುಮಿನಿಯಮ್ಮಿನ ಕವಚ ಹಿಗ್ಗಿ ಚೈನನ್ನು ಎಳೆಯುವುದರಿಂದ, ತಣ್ಣಗಿರುವಾಗಲೇ ತಂತಿಯಂತೆ ಬಿಗಿದವನು ಬೇರಿಂಗುಗಳ ಸಾವನ್ನು ಕೊಂಡಂತೆಯೇ ಸರಿ.

ಅನಂತರ ಅವರು ಹಿಂದಿನ ಗಾಲಿಯನ್ನು ಹಿಡಿದು ಹಿಂದೆ ಮುಂದೆ ಅಲುಗಿಸಿ ಅಂದರು: "ಚೈನ್ ಛಲೋ ಐತ್ರೀ ಸಾಹೇಬ್ರ. ಹಿಂದಿನ ಗಾಲಿ ರಬ್ಬರ್ ಖಲಾಸ್ ಆಗ್ಯಾವ. ಮೊದಲ ಅವನ್ನ ಹಾಕಸ್ರಿ."

ಪ್ರಶ್ನೋತ್ತರಕ್ಕೆ ಸಮಯವಿಲ್ಲವೆಂದು ಅಧ್ಯಕ್ಷರು ಅಪ್ಪಣೆ ಕೊಡಿಸಿದರು.

ಅಥಣಿ, ಕಾಗವಾಡಗಳ ಪ್ರಸ್ಥಾನಗಳನ್ನು ಇನ್ನು ನಿರೂಪಿಸುವ ಇಚ್ಛೆ ನನಗಿಲ್ಲ. ಆ ಮನುಷ್ಯ ಒಂದೇ ಮಾತಿನಲ್ಲಿ ಹೇಳಿದ್ದೇ ಶಾಸ್ತ್ರ. ಒಂಟಿ ಸಿಲಿಂಡರಿನ ಬುಲೆಟ್ಟಿನಲ್ಲಿ ಎಂಜಿನ್ನು ಎರಡು ಸುತ್ತಿಗೆ ಒಮ್ಮೆ ಮಾತ್ರ ಸಿಡಿಯುವುದು. ಉಳಿದ ಕಾಲವೆಲ್ಲ ಫ್ಲೈವೀಲಿನ ತೂಕವೂ ಗಾಡಿಯ ಓಟವೂ ಎಂಜಿನ್ನನ್ನು ಎಳೆಯುವುವು. ಈ ಏಳುಬೀಳಿನ ಜಗ್ಗಾಟವನ್ನು ನುಂಗಲೆಂದೇ ಎನ್‌ಫೀಲ್ಡಿನವರು ಹಿಂದಿನ ಹಬ್ಬಿನೊಳಗೆ ರಬ್ಬರಿನ ತುಂಡುಗಳನ್ನು ಇಟ್ಟರು. ಅವು ಸವೆದು ಪುಡಿಯಾದಾಗ ಪ್ರತಿಯೊಂದು ಜಗ್ಗೂ ಗೇರು ಪೆಟ್ಟಿಗೆಯನ್ನು ಹಾದು ಒಳಗಿನ ಚೈನಿನ ಮೇಲೆ ಬೀಳುವುದು. ಚೈನನ್ನು ಮೂರು ಸಾಲು ಮಾಡಿದರೆ ಪೆಟ್ಟು ನಾಶವಾಗುವುದಿಲ್ಲ, ಗೇರಿನ ಹಲ್ಲನ್ನೇ ಮುರಿಯಲೂಬಹುದು. ನಾಲ್ಕನೆಯ ಗೇರಿನಲ್ಲಿ ನಿಧಾನವಾಗಿ ಡುಗುಡುಗು ಎನ್ನಿಸುತ್ತ ಹೋಗುವುದನ್ನು ರಸಿಕತೆಯೆಂದು ಬಗೆದವರೇ ಈ ಜಗ್ಗನ್ನು ಅತಿಶಯವಾಗಿ ಉತ್ಪಾದಿಸುವವರು. ಇನ್ನು ಚೈನು ಹಿಗ್ಗಿತೆಂದು ಗೋಳಿಡುವವರು ತಿಳಿಯಬೇಕಾದ್ದೇನೆಂದರೆ, ಉಕ್ಕು ಹಿಗ್ಗುವುದಿಲ್ಲ. ಪಿನ್ನು ಬುಶ್ಶುಗಳು ಸವೆಯುತ್ತವೆ. ಬುಲೆಟ್ಟಿನಲ್ಲಿ ಆ ಸವಕಳಿಯನ್ನು ಕೆಳಗಿನ ಟೆನ್ಶನರಿನಿಂದ ಒಂದಷ್ಟು ಕಾಲ ಸರಿದೂಗಿಸಬಹುದು. ಯೆಜ್ದಿಯಲ್ಲಿ ಆ ಉಪಾಯವೂ ಇಲ್ಲ, ಹೊಸದನ್ನೇ ಹಾಕಬೇಕು. 1961ರಿಂದ ಗಾಡಿಗಳನ್ನು ಹೊರತಂದ ಮೈಸೂರಿನ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದ ಮೇಲೆ ಆ ಹೊಸದು ಎಲ್ಲಿ ಸಿಗುವುದು, ಸಿಕ್ಕಿದರೆ ಅಸಲಿಯೇ ಎಂಬುದನ್ನು ಮಿಸ್ತ್ರಿಯ ಬೆರಳೇ ಹೇಳಬೇಕು.

ಆ ಬೆರಳಿನ ವಿಷಯದಲ್ಲಿ ಒಂದು ಪ್ರಬಂಧವಾದರೂ ಓದಲ್ಪಡಲಿಲ್ಲ! ಮರುದಿನ ಅಚ್ಚಾದ ಭಾವಚಿತ್ರದಲ್ಲಿ ಬುಲೆಟ್ಟು ಇದೆ, ಶಾಲು ಹೊದ್ದ ಗಣ್ಯರಿರುವರು, ಬಿಚ್ಚಿಟ್ಟ ಮುಚ್ಚಳವೂ ಇದೆ, ಅದನ್ನು ಬಿಚ್ಚಿದವನಿಲ್ಲ. ಈ ಗಣ್ಯರೇ ಕಾಗವಾಡ, ಐನಾಪುರ, ಕುಡಚಿಯ ಹೊಲಮನೆಗಳ ದನದ ಕೊಟ್ಟಿಗೆಗಳಲ್ಲಿ ಇಣುಕಿ, ಎರಡು ತಲೆಮಾರು ದುಡಿದ ಯೆಜ್ದಿಗಳನ್ನು ಗುಜರಿ ದರಕ್ಕೆ ಹೊಡೆದುಕೊಂಡು ಹೋದವರು. ಹೆರಿಗೆ ಬೇನೆ ಕಂಡ ರಾತ್ರಿ ಆ ಗಾಡಿಗಳು, ಕುಡಚಿ ಕಡೆಯವು ಕೃಷ್ಣೆಯ ಸೇತುವೆಯನ್ನೂ ದಾಟಿ, ಮಿರಜದ ಆಸ್ಪತ್ರೆಯವರೆಗೆ ಓಡಿದ್ದುಂಟು. ಹಿಂದಿನ ಸಂಜೆ ಯಾರೋ ಮಿಸ್ತ್ರಿ ಸವೆದ ಚೈನನ್ನು ತೆಗೆದು ಹೊಸದನ್ನು ಉದ್ರಿಯಲ್ಲಿ ಹಾಕಿದ್ದರಿಂದ ಓಡಿದವು. ಈಗ ಅವು ಗಾಜಿನ ಕೋಣೆಯಲ್ಲಿ ನಿಂತಿರುವುವು, ಎಂಜಿನ್ನಿನ ನಂಬರೂ ಚಾಸಿಯ ನಂಬರೂ ತಾಳೆಯಾಗುವುವೆಂಬ ಪ್ರಮಾಣಪತ್ರದೊಡನೆ. ಹೊರೆ ಹೊರದ ಚೈನಿಗೆ ಯಾವ ದೃಢೀಕರಣ ಬೇಕೋ ನಾನರಿಯೆ.

ಪರದೇಶದ ಬೆಲ್ಟಿನ ಪೆಟ್ಟಿಗೆಗೆ ಕೇಳಿದಷ್ಟು ಎಣಿಸಿಕೊಟ್ಟ ಮಹನೀಯರೊಬ್ಬರು ಸಭೆಯ ಕೊನೆಯಲ್ಲಿ ಮಿಸ್ತ್ರಿಯ ಕೂಲಿಗೆ ಚೌಕಾಸಿ ಮಾಡಿದ್ದನ್ನು ಕಣ್ಣಾರೆ ಕಂಡೆನು. ಮಿಸ್ತ್ರಿಯ ಮಗ ಈಗ ಮೊಬೈಲು ಅಂಗಡಿಯಲ್ಲಿದ್ದಾನೆ. ಪಾನಾ ಹಿಡಿಯಲು ಅವನಿಗೆ ಮನಸ್ಸಿಲ್ಲವಂತೆ, ತಂದೆಯೂ ಒತ್ತಾಯಿಸಿಲ್ಲವಂತೆ. ಮುಂದಿನ ಸಂಕಿರಣದ ಆಮಂತ್ರಣ ಬಂದಿದೆ. ವಿಷಯ, ಗೇರು ಪೆಟ್ಟಿಗೆಯ ದೃಢೀಕರಣ. ಬಿಚ್ಚಿ ತೋರಿಸುವುದಕ್ಕೆ ಜನ ಬೇಕೆಂದು ಕೆಳಗೆ ಕೈಬರಹದಲ್ಲಿ ಬರೆದಿರುವರು.