ಅಷ್ಟಮವಿಘ್ನಪ್ರಕಾಶಿಕೆ ಅಥವಾ ಶಾಲೆಗಳಲ್ಲಿ ರಸನಿವಾರಣೆಯ ಶಾಸ್ತ್ರ

ಶಾಸ್ತ್ರಗ್ರಂಥವನ್ನು ಆರಂಭಿಸುವವನು ಮೊದಲು ಅನುಬಂಧಚತುಷ್ಟಯವನ್ನು ಹೇಳಿಬಿಡಬೇಕೆಂಬುದು ಪೂರ್ವಾಚಾರ್ಯರ ಸಂಪ್ರದಾಯ. ಹೇಳದಿದ್ದರೆ ಓದುಗನು ಗ್ರಂಥವನ್ನು ಕೆಳಗಿಟ್ಟಾನೆಂಬ ಭಯ ಅವರಿಗಿತ್ತು. ಹೇಳಿದ ಮೇಲಂತೂ ಖಂಡಿತವಾಗಿ ಕೆಳಗಿಡುವನೆಂಬ ಅನುಭವ ನಮಗಿದ್ದರೂ ಸಂಪ್ರದಾಯವನ್ನು ಮೀರುವುದು ಉಚಿತವಲ್ಲ. ಈ ಗ್ರಂಥದ ವಿಷಯವು ರಸನಿವಾರಣೆ. ಎಂದರೆ, ಕಾವ್ಯವನ್ನು ಓದುತ್ತಿರುವ ಬಾಲಕ ಬಾಲಿಕೆಯರಲ್ಲಿ ಅಕಸ್ಮಾತ್ತಾಗಿ ತಲೆದೋರಬಹುದಾದ ಆನಂದವನ್ನು ವಿಪರೀತಕ್ಕೆ ಹೋಗುವ ಮುನ್ನವೇ ತಡೆಯುವ ಉಪಾಯ. ಪ್ರಯೋಜನವು ಅಂಕಪ್ರಾಪ್ತಿ. ಅಧಿಕಾರಿಯು ಸಾಧನಚತುಷ್ಟಯಸಂಪನ್ನನಾದ, ಎಂದರೆ ಪಠ್ಯಪುಸ್ತಕ, ಗೈಡು, ನೋಟ್ಸು, ಟ್ಯೂಷನ್ನು ಎಂಬ ನಾಲ್ಕನ್ನೂ ಪಡೆದ ಹತ್ತನೆಯ ತರಗತಿಯ ವಿದ್ಯಾರ್ಥಿ. ಇವುಗಳಲ್ಲಿ ಮೊದಲನೆಯದು ಇಲ್ಲದಿದ್ದರೂ ಬಾಧಕವಿಲ್ಲವೆಂದು ನವ್ಯಮತ. ಇನ್ನು ಸಂಬಂಧವೋ, ರಸವು ಇಳಿದಂತೆಲ್ಲ ಅಂಕವು ಏರುವುದೆಂಬ ವಿಲೋಮಸಂಬಂಧ.

೧. ವಿಘ್ನಪ್ರಕರಣ

ಕಾಶ್ಮೀರದ ಅಭಿನವಗುಪ್ತಾಚಾರ್ಯರು ಈಗ್ಗೆ ಸುಮಾರು ಸಾವಿರ ವರ್ಷಗಳ ಹಿಂದೆ ಭರತಮುನಿಯ ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನವನ್ನು ಬರೆಯುತ್ತ, ವಿಘ್ನಗಳೆಲ್ಲ ಕಳೆದ ಪ್ರತೀತಿಯೇ ರಸವೆಂದು ನಿರ್ಣಯಿಸಿ, ಅಂಥ ವಿಘ್ನಗಳು ಏಳೆಂದು ಎಣಿಸಿ, ಅವುಗಳ ಪರಿಹಾರಕ್ಕಾಗಿ ಗೀತ, ವಾದ್ಯ, ವೇಷ ಮೊದಲಾದವುಗಳ ಉಪಯೋಗವನ್ನು ಪ್ರತಿಪಾದಿಸಿದರು. ಆಚಾರ್ಯರ ಶ್ರಮ ಸ್ತುತ್ಯವಾದುದೇ ಸರಿ. ಆದರೆ ಅವರು ವಿಘ್ನಗಳನ್ನು ಕಳೆಯುವುದರಲ್ಲಿಯೇ ಆಯುಷ್ಯವನ್ನು ಸವೆಸಿದರೇ ಹೊರತು, ಅವೇಳನ್ನೂ ಒಂದೇ ಸೂರಿನ ಕೆಳಗೆ, ಬೆಳಗಿನ ಹತ್ತರಿಂದ ಸಂಜೆ ನಾಲ್ಕೂವರೆಯವರೆಗೆ, ಕ್ರಮಬದ್ಧವಾಗಿ ಒದಗಿಸಬಹುದೆಂಬುದನ್ನು ಆಲೋಚಿಸಲಿಲ್ಲ. ಆ ಕೀರ್ತಿಯು ಆಧುನಿಕ ಪಾಠಶಾಲೆಗೆ ಮೀಸಲಾಗಿದ್ದಿತು.

ನಿದರ್ಶನಕ್ಕೆ ಮೂರನ್ನು ಪರಿಶೀಲಿಸೋಣ. ಓದುಗನು ನಿರ್ದಿಷ್ಟವಾದ ದೇಶಕಾಲಗಳಿಗೆ ಕಟ್ಟುಬೀಳುವುದು ಒಂದು ವಿಘ್ನವೆಂದು ಆಚಾರ್ಯರು ಹೇಳಿದರು. ಅದಕ್ಕಾಗಿಯೇ ನಾವು ಕವಿಪರಿಚಯವನ್ನು ಇಟ್ಟಿದ್ದೇವೆ: ಪಂಪನ ಒಂದು ಪದ್ಯವೂ ಕಿವಿಯ ಮೇಲೆ ಬೀಳುವುದಕ್ಕೆ ಮೊದಲೇ, ಅವನ ಕಾಲ, ಸ್ಥಳ, ಆಶ್ರಯದಾತ, ಕೃತಿ, ಬಿರುದು ಎಂಬ ಐದು ಅಂಶಗಳು ಮಗುವಿನ ಬಾಯಿಗೆ ಬಂದಿರುತ್ತವೆ, ಹತ್ತನೆಯ ಶತಮಾನ, ಅರಿಕೇಸರಿ, ‘ಆದಿಪುರಾಣ’, ‘ವಿಕ್ರಮಾರ್ಜುನ ವಿಜಯ’ ಎಂದು ಬರೆದು ಕೊನೆಯಲ್ಲೊಂದು ಗೆರೆ ಎಳೆದರೆ ಪಂಪನ ಋಣ ಹರಿಯಿತು. ಓದುಗನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದು ಮತ್ತೊಂದು ವಿಘ್ನ. ಅದನ್ನು ಒದಗಿಸಲು ಪಕ್ಕದ ಮನೆಯ ಹುಡುಗಿಗೆ ಬಂದ ಅಂಕಗಳ ಸ್ಮರಣೆಯೊಂದೇ ಸಾಕು. ಏಳನೆಯದು ಸಂಶಯ. ಕಾವ್ಯದ ಭಾವವು ಯಾವುದೆಂಬ ಸಂಶಯವನ್ನು ಆಚಾರ್ಯರು ಮನಸ್ಸಿನಲ್ಲಿಟ್ಟುಕೊಂಡಿದ್ದರು, ಅದಕ್ಕಿಂತ ಎಷ್ಟೋ ಪ್ರಬಲವಾದುದನ್ನು ನಮ್ಮ ತರಗತಿಯ ಹಿಂದಿನ ಬೆಂಚು ಕಂಡುಹಿಡಿದಿದೆ: “ಸಾರ್, ಇದು ಪರೀಕ್ಷೆಗೆ ಬರುತ್ತದೆಯೇ?”

ಇಷ್ಟಾದರೂ ಏಳು ವಿಘ್ನಗಳಲ್ಲಿ ಒಂದು ನ್ಯೂನತೆ ಉಳಿದೇ ಇತ್ತು. ಅವೆಲ್ಲವೂ ಓದುವಾಗ ಅಡ್ಡಬರುವಂಥವು. ಆದುದರಿಂದ ಚುರುಕಾದ ಹುಡುಗನೊಬ್ಬನು ಅವುಗಳಿಂದ ನುಣುಚಿಕೊಂಡು ನಾಲ್ಕು ಸಾಲುಗಳಷ್ಟಾದರೂ ಸಂತೋಷಪಟ್ಟುಬಿಡುವ ಅಪಾಯವಿತ್ತು. ಈ ಕೊರತೆಯನ್ನು ತುಂಬಿದ್ದು ಎಂಟನೆಯ ವಿಘ್ನ: ಓದಿದುದನ್ನೆಲ್ಲ ಎಂಟು ಹತ್ತು ವಾಕ್ಯಗಳಲ್ಲಿ ಬರೆದೇ ತೀರಬೇಕೆಂಬ ನಿಯಮ. ಇದರ ಮಹಿಮೆಯಿಂದ ವಿದ್ಯಾರ್ಥಿಯು ಮೊದಲು ಪಾಠದ ಕೊನೆಯ ಪುಟವನ್ನು ತೆರೆದು ಪ್ರಶ್ನೆಗಳನ್ನು ಓದಿಕೊಳ್ಳುತ್ತಾನೆ. ಅನಂತರ ಪಾಠದೊಳಕ್ಕೆ ಹೋಗಿ ಉತ್ತರಗಳಿರುವ ಸಾಲುಗಳಿಗೆ ಪೆನ್ಸಿಲಿನಿಂದ ಗೆರೆ ಎಳೆದು ಹೊರಕ್ಕೆ ಬರುತ್ತಾನೆ. ಗೆರೆ ಬೀಳದ ಸಾಲುಗಳು ಅಲ್ಲಿಯೇ ಕುಳಿತಿರುತ್ತವೆ. ನೈಯಾಯಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ಮೊದಲ ಏಳು ವಿಘ್ನಗಳಿಂದ ಆಗುವುದು ರಸದ ಪ್ರಧ್ವಂಸಾಭಾವ, ಎಂದರೆ ಹುಟ್ಟಿದ ಮೇಲಿನ ನಾಶ. ಎಂಟನೆಯದರಿಂದ ಆಗುವುದು ಅತ್ಯಂತಾಭಾವ, ಎಂದರೆ ಎಂದೆಂದಿಗೂ ಇಲ್ಲದಿರುವಿಕೆ.

೨. ಪ್ರಕ್ರಿಯಾಪ್ರಕರಣ

ಈಗ ಪ್ರಯೋಗ. ಕುಮಾರವ್ಯಾಸನ ಉದ್ಯೋಗಪರ್ವದಲ್ಲಿ ಸಂಧಿ ಮುರಿದು ಹಿಂದಿರುಗುವ ಕೃಷ್ಣನು ಕರ್ಣನನ್ನು ರಥದಲ್ಲಿ ತನ್ನ ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಅವನ ಹುಟ್ಟಿನ ಗುಟ್ಟನ್ನು ಹೇಳುವ ಸಂದರ್ಭವಿದೆ. ಬಾಳೆಲ್ಲ ಸೂತಪುತ್ರನೆನಿಸಿಕೊಂಡವನಿಗೆ, ಯುದ್ಧವು ಇನ್ನೇನು ಬಂದಿತೆನ್ನುವಾಗ, ಎದುರು ಪಕ್ಷದವರು ನಿನ್ನ ತಮ್ಮಂದಿರು ಎಂದು ತಿಳಿಸಿದರೆ ಏನಾದೀತು? ಕರ್ಣನಿಗೆ ಕೊರಳು ಬಿಗಿಯುತ್ತದೆ, ಕಣ್ಣು ತುಂಬುತ್ತದೆ, ಮೊದಲ ಕನಿಕರ ಹರಿಯುವುದು ತನ್ನ ಕಡೆಗಲ್ಲ, ತನ್ನನ್ನು ನಂಬಿದ ದೊರೆಯ ಕಡೆಗೆ. ಇದು ರಸದೃಷ್ಟಿಯಿಂದ ಅತ್ಯಂತ ಅಪಾಯಕರವಾದ ಸ್ಥಳ. ರಕ್ಷಣೆಯ ಕ್ರಮ ಹೀಗಿದೆ.

ಮೊದಲು ಪ್ರಸ್ತಾರ. ಪದ್ಯವು ಭಾಮಿನೀ ಷಟ್ಪದಿಯಾದುದರಿಂದ ಒಂದು, ಎರಡು, ನಾಲ್ಕು, ಐದನೆಯ ಪಾದಗಳಲ್ಲಿ ಹದಿನಾಲ್ಕು ಹದಿನಾಲ್ಕು ಮಾತ್ರೆಗಳೂ, ಮೂರು ಮತ್ತು ಆರನೆಯ ಪಾದಗಳಲ್ಲಿ ಇಪ್ಪತ್ತಮೂರು ಇಪ್ಪತ್ತಮೂರು ಮಾತ್ರೆಗಳೂ, ಒಟ್ಟು ೧೦೨ ಮಾತ್ರೆಗಳು ಇರತಕ್ಕದ್ದು. ಲಘು ಗುರುಗಳ ಗುರುತು ಹಾಕುತ್ತಿರುವವನಿಗೆ ಕರ್ಣನು ಅಳುತ್ತಿದ್ದಾನೆಯೇ ಎಂದು ತಲೆಯೆತ್ತಿ ನೋಡುವುದಕ್ಕೆ ವ್ಯವಧಾನವಿರದು. ನೋಡಿದರೆ ಲೆಕ್ಕ ತಪ್ಪುವುದು. ತಾನು ಹಲಗೆ ಬಳಪಗಳನ್ನು ಕೈಯಲ್ಲಿ ಹಿಡಿದವನೇ ಅಲ್ಲವೆಂದೂ, ಬರೆದುದನ್ನು ಅಳಿಸಿದವನಲ್ಲವೆಂದೂ, ಇನ್ನೊಬ್ಬರ ರೀತಿಯನ್ನು ಎರವಲು ಪಡೆದವನಲ್ಲವೆಂದೂ ಹೆಮ್ಮೆಪಟ್ಟ ಈ ಗದುಗಿನ ಕವಿಯು ನಮ್ಮ ಪರೀಕ್ಷೆಗೆ ಕುಳಿತಿದ್ದರೆ ಮೂರು ಕಾರಣಗಳಿಂದಲೂ ಅನುತ್ತೀರ್ಣನಾಗುತ್ತಿದ್ದನೆಂಬುದನ್ನು ಪ್ರಸಂಗವಶಾತ್ ಹೇಳಿ ಮುಂದೆ ಸಾಗುತ್ತೇವೆ.

ಎರಡನೆಯದು ಸಂದರ್ಭಸಹಿತ ವಿವರಣೆ. ಇದಕ್ಕೆ ಆಯ್ಕೆ, ಸಂದರ್ಭ, ಸ್ವಾರಸ್ಯ ಎಂಬ ಮೂರು ಅಂಗಗಳು. ಅಂಗಕ್ಕೊಂದರಂತೆ ಮೂರು ಅಂಕಗಳು. ಯಾವ ಕವಿಯ ಯಾವ ಕೃತಿಯಿಂದ ಈ ಮಾತನ್ನು ಆರಿಸಲಾಗಿದೆಯೆಂಬುದಕ್ಕೆ ಒಂದು, ಯಾರು ಯಾರಿಗೆ ಹೇಳಿದರೆಂಬುದಕ್ಕೆ ಒಂದು, ಉಳಿದುದು ಸ್ವಾರಸ್ಯಕ್ಕೆ. ಒಂದು ಅಂಕಕ್ಕೆ ಎಷ್ಟು ಸ್ವಾರಸ್ಯ ಸಲ್ಲುವುದೋ ಅಷ್ಟನ್ನೇ ಅನುಭವಿಸತಕ್ಕದ್ದು, ಹೆಚ್ಚಾದುದಕ್ಕೆ ಹಾಳೆಯಲ್ಲಿ ಜಾಗವಿಲ್ಲ. ಅಷ್ಟನ್ನೂ ಅನುಭವಿಸಲಾಗದವರ ಅನುಕೂಲಕ್ಕಾಗಿ ಒಂದು ಸಿದ್ಧವಾಕ್ಯ ಉಂಟು: “ಕರ್ಣನ ಮನದ ತೊಳಲಾಟವು ಇಲ್ಲಿ ಸ್ವಾರಸ್ಯಪೂರ್ಣವಾಗಿ ವ್ಯಕ್ತವಾಗಿದೆ.” ಕರ್ಣನ ಜಾಗದಲ್ಲಿ ಹರಿಶ್ಚಂದ್ರನನ್ನೋ ದುರ್ಯೋಧನನನ್ನೋ, ತೊಳಲಾಟದ ಜಾಗದಲ್ಲಿ ಸತ್ಯನಿಷ್ಠೆಯನ್ನೋ ಛಲವನ್ನೋ ಕುಳ್ಳಿರಿಸಿದರೆ ರಾಘವಾಂಕನಿಗೂ ರನ್ನನಿಗೂ ಇದೇ ವಾಕ್ಯ ಸಾಕಾಗುತ್ತದೆ. ಒಂದು ಸಹಸ್ರ ವರ್ಷಗಳ ಕನ್ನಡ ಸಾಹಿತ್ಯವನ್ನು ಒಂದೇ ವಾಕ್ಯದಿಂದ ಮೆಚ್ಚಬಹುದೆಂಬ ಲಾಘವವನ್ನು ಯಾವ ಆಲಂಕಾರಿಕನೂ ಸಾಧಿಸಿರಲಿಲ್ಲ.

೩. ಪ್ರಬಂಧಪ್ರಕರಣ

ಇತರರ ಬರೆವಣಿಗೆಯಿಂದ ಬರುವ ಆನಂದವನ್ನು ತಡೆದ ಮೇಲೆ, ಸ್ವಂತ ಬರೆವಣಿಗೆಯಿಂದ ಬರಬಹುದಾದುದನ್ನೂ ತಡೆಯದೆ ಬಿಟ್ಟರೆ ಶಾಸ್ತ್ರವು ಅಪೂರ್ಣವಾದೀತು. ಅದಕ್ಕಾಗಿ ಪ್ರಬಂಧರಚನೆ. ಪೀಠಿಕೆ, ವಿಷಯವಿವರಣೆ, ಉಪಸಂಹಾರ ಎಂದು ಇದು ತ್ರಿಪಾದಿ. ಪೀಠಿಕೆಯಲ್ಲಿ ವಿಷಯವು ಇಂದಿನ ಯುಗದಲ್ಲಿ ಬಹಳ ಮಹತ್ತ್ವದ್ದೆಂದು ಹೇಳತಕ್ಕದ್ದು. ವಿವರಣೆಯಲ್ಲಿ ಅದರಿಂದ ಅನುಕೂಲಗಳೂ ಅನನುಕೂಲಗಳೂ ಇವೆಯೆಂದು ಹೇಳತಕ್ಕದ್ದು. ಉಪಸಂಹಾರದಲ್ಲಿ, ಮೇಲೆ ಹೇಳಿದಂತೆ ಅದು ಬಹಳ ಮಹತ್ತ್ವದ್ದೆಂದು ಹೇಳತಕ್ಕದ್ದು.

ಇದರ ಆದರ್ಶ ಉದಾಹರಣೆ ‘ಗ್ರಂಥಾಲಯಗಳ ಮಹತ್ತ್ವ’ ಎಂಬ ಪ್ರಬಂಧ. ಗ್ರಂಥಾಲಯವು ಜ್ಞಾನದ ಭಂಡಾರವೆಂದು ಮೂವತ್ತೆಂಟು ಮಕ್ಕಳು ತಲೆ ತಗ್ಗಿಸಿ ಬರೆಯುತ್ತಿರುವಾಗ, ಅದೇ ಕೋಣೆಯ ಮೂಲೆಯಲ್ಲಿ ಪುಸ್ತಕಗಳ ಬೀರುವೊಂದು ನಿಂತಿರುತ್ತದೆ. ಗಾಜಿನ ಹಿಂದೆ ಪುಸ್ತಕಗಳ ಬೆನ್ನುಗಳು ಕಾಣುತ್ತವೆ. ಒಂದೆರಡರ ಹೆಸರನ್ನು ಓದಲೂಬಹುದು. ಬೀಗದ ಕೈಯು ಮುಖ್ಯೋಪಾಧ್ಯಾಯರ ಮೇಜಿನ ಸೆಳೆಖಾನೆಯಲ್ಲಿದೆ. ಪುಸ್ತಕ ಕಳೆದರೆ ಲೆಕ್ಕ ಒಪ್ಪಿಸಬೇಕಾದವರು ಅವರೇ ಆದುದರಿಂದ ಅದು ಅಲ್ಲಿರುವುದೇ ನ್ಯಾಯ. ಇದಕ್ಕೂ ಸೂಕ್ಷ್ಮವಾದುದು ‘ನಾನು ಮೆಚ್ಚಿದ ಪುಸ್ತಕ’. ಮೆಚ್ಚುವಿಕೆಯು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾದರೆ ಮೌಲ್ಯಮಾಪಕನಿಗೆ ಕಷ್ಟವೆಂಬುದನ್ನು ಅರಿತು ಗೈಡಿನ ಕರ್ತೃವು ಎಲ್ಲರ ಪರವಾಗಿ ಒಂದೇ ಪುಸ್ತಕವನ್ನು ಮೆಚ್ಚಿ ಕೊಟ್ಟಿರುತ್ತಾನೆ. ಪೂರ್ತಿ ತರಗತಿಯು ಆ ಪುಸ್ತಕವನ್ನು ಒಂದೇ ರಾತ್ರಿಯಲ್ಲಿ, ಅದನ್ನು ನೋಡದೆಯೇ, ಅದೇ ಮೂರು ಕಾರಣಗಳಿಗಾಗಿ ಮೆಚ್ಚಿಬಿಡುತ್ತದೆ.

ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಭಾವಕರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾನೆ: ಏನೂ ರುಚಿಸದ ಅರೋಚಕಿ, ಹುಲ್ಲುಸಮೇತ ಎಲ್ಲವನ್ನೂ ನುಂಗುವ ಸತೃಣಾಭ್ಯವಹಾರಿ, ಹೊಟ್ಟೆಕಿಚ್ಚಿನ ಮತ್ಸರಿ, ತಿರುಳನ್ನು ಅರಿಯುವ ತತ್ತ್ವಾಭಿನಿವೇಶಿ. ಶಾಲೆಗೆ ಸೇರುವಾಗ ಮಗುವು ಬಹುಮಟ್ಟಿಗೆ ಎರಡನೆಯ ವರ್ಗದ್ದು. ಕಥೆಯೆಂದರೆ ಸಾಕು, ಯಾವುದಾದರೂ ಸರಿ. ಹತ್ತು ವರ್ಷಗಳ ಶಿಕ್ಷಣದಿಂದ ಅದನ್ನು ಮೊದಲನೆಯ ವರ್ಗಕ್ಕೆ ಏರಿಸಿ, ಅದರ ಮೇಲೆ ರಾಜಶೇಖರನು ಕಾಣದ ಐದನೆಯ ವರ್ಗವೊಂದನ್ನು, ಎಂದರೆ ಅಂಕಾಭಿನಿವೇಶಿಯನ್ನು, ನಾವು ಸೃಷ್ಟಿಸಿದ್ದೇವೆ.

೪. ಪೂರ್ವಪಕ್ಷ

ಇಲ್ಲಿ ಕೆಲವರು ಆಕ್ಷೇಪಿಸುವರು. ‘ಕವಿರಾಜಮಾರ್ಗ’ವು ಒಂಬತ್ತನೆಯ ಶತಮಾನದಲ್ಲಿಯೇ ಈ ನಾಡಿನ ಜನರು ಪಟ್ಟುಹಿಡಿದು ಓದದೆಯೂ ಕಾವ್ಯದಲ್ಲಿ ನುರಿತವರೆಂದು ಹೊಗಳಿತಲ್ಲವೇ, ಹಳ್ಳಿಯ ಗುಡಿಯ ಜಗಲಿಯಲ್ಲಿ ಭಾರತವಾಚನ ನಡೆದಾಗ ಅಕ್ಷರವರಿಯದ ಒಕ್ಕಲಿಗನು ಕಂಬಕ್ಕೊರಗಿ ಕೇಳಿ, ಕಣ್ಣೊರಸಿಕೊಂಡು, ಯಾರು ಯಾರಿಗೆ ಹೇಳಿದರೆಂದು ಯಾರಿಗೂ ಒಪ್ಪಿಸದೆ ಮನೆಗೆ ಹೋಗುತ್ತಿದ್ದನಲ್ಲವೇ, ಮುದ್ದಣನ ಮನೋರಮೆಯು ಗಂಡನ ಕಥೆಯನ್ನು ನಡುನಡುವೆ ತಡೆದು, ಕೆಣಕಿ, ನಕ್ಕು ಕೇಳಿದಳೇ ಹೊರತು ಸಾರಾಂಶವನ್ನು ಬರೆಯಲಿಲ್ಲವಲ್ಲ ಎಂದು. ಇದಕ್ಕೆ ನಮ್ಮ ಸಮಾಧಾನ: ಒಕ್ಕಲಿಗನೂ ಮನೋರಮೆಯೂ ಪ್ರಮಾಣಪತ್ರವಿಲ್ಲದೆಯೇ ಕಾಲವಾದರು. ಮುದ್ದಣನಾದರೋ ಉಡುಪಿಯಲ್ಲಿ ವ್ಯಾಯಾಮದ ಉಪಾಧ್ಯಾಯನಾಗಿದ್ದವನು; ಭಾಷಾಬೋಧನೆಯ ಕ್ರಮವನ್ನು ಅವನಿಂದ ನಿರೀಕ್ಷಿಸಲಾಗದು.

ಎರಡನೆಯ ಆಕ್ಷೇಪವು ಇದಕ್ಕಿಂತ ಗಂಭೀರ. ಅರುವತ್ತು ದಾಟಿದ ಕೆಲವರು, ಬಾಲ್ಯದಲ್ಲಿ ಬೆತ್ತಕ್ಕೆ ಹೆದರಿ ಕಂಠಪಾಠ ಮಾಡಿದ ಪದ್ಯವು ಈಗ ಬೆಳಗಿನ ತಿರುಗಾಟದಲ್ಲಿ ತಾನಾಗಿ ನಾಲಗೆಗೆ ಬಂದು, ಅಂದು ತಿಳಿಯದ ಅರ್ಥವು ಇಂದು ತಿಳಿಯಿತೆಂದು ಹೇಳುತ್ತಾರೆ. ವಿಚಾರಿಸಲಾಗಿ ಇದು ನಿಜವೆಂದು ಕಂಡುಬಂದಿದೆ. ಪದ್ಯವನ್ನು ಪದ್ಯವಾಗಿಯೇ ಬಾಯಿಗೆ ಕೊಟ್ಟು, ಅದರ ಮೇಲೆ ಏನನ್ನೂ ಬರೆಸದೆ ಬಿಟ್ಟರೆ ಇಂಥ ಅನಾಹುತವಾಗುವುದು ಸಹಜ. ಆದಕಾರಣ ಕಂಠಪಾಠವನ್ನು ಮಿತಗೊಳಿಸಿ, ವಿವರಣೆಯನ್ನು ಹೆಚ್ಚಿಸುವುದು ಶ್ರೇಯಸ್ಕರ. ಇದೇ ರೀತಿ, ಕರ್ಣನ ಪ್ರಸಂಗವನ್ನು ರಾಗವಾಗಿ ಓದುತ್ತ ಕೊರಳು ಬಿಗಿದು ಅರೆಗಳಿಗೆ ಕಿಟಕಿಯ ಕಡೆಗೆ ತಿರುಗಿ ನಿಲ್ಲುವ ಉಪಾಧ್ಯಾಯರು ಇನ್ನೂ ಅಲ್ಲಲ್ಲಿ ಉಂಟು. ಆ ಅರೆಗಳಿಗೆಯಲ್ಲಿ ತರಗತಿಯು ನಿಶ್ಶಬ್ದವಾಗುವುದೆಂದೂ, ಹಿಂದಿನ ಬೆಂಚು ಕೂಡ ಪರೀಕ್ಷೆಯ ಮಾತನ್ನು ಎತ್ತುವುದಿಲ್ಲವೆಂದೂ ಹೇಳುತ್ತಾರೆ. ಸಿಲಬಸ್ಸು ಮುಗಿಯುವುದಿಲ್ಲವೆಂಬ ಭಯದಿಂದ ಅವರೂ ಕೂಡಲೇ ನೋಟ್ಸು ಹೇಳಿ ಬರೆಯಿಸಲು ತೊಡಗುವರಾದುದರಿಂದ ಹಾನಿಯು ಅಲ್ಪ.

೫. ಸಿದ್ಧಾಂತ

ನೂರು ಅಂಕಗಳ ಲಿಖಿತ ಪರೀಕ್ಷೆ, ಇಪ್ಪತ್ತೈದು ಅಂಕಗಳ ಆಂತರಿಕ ಮೌಲ್ಯಮಾಪನ, ಒಟ್ಟು ನೂರಿಪ್ಪತ್ತೈದರ ಪ್ರಥಮಭಾಷೆಯಲ್ಲಿ ಸಂತೋಷಕ್ಕೆ ಅಂಕವಿಲ್ಲ. ಇದು ಯಾರ ದುರುದ್ದೇಶವೂ ಅಲ್ಲ. ಆನಂದವು ಮಾದರಿ ಉತ್ತರದೊಡನೆ ಹೋಲಿಸಲು ಬಾರದು; ಮರುಮೌಲ್ಯಮಾಪನಕ್ಕೆ ಸಿಕ್ಕದು; ಒಬ್ಬನಿಗೆ ಹೆಚ್ಚು ಬಂದಿತೆಂದು ಇನ್ನೊಬ್ಬನ ತಂದೆ ತಕರಾರು ಮಾಡಿದರೆ ಉತ್ತರ ಹೇಳುವವರಿಲ್ಲ. ಅಳೆಯಲಾಗದುದನ್ನು ಕೇಳುವುದು ಅನ್ಯಾಯ. ಕೇಳದುದನ್ನು ಕಲಿಸುವುದು ಕಾಲಹರಣ. ಆದಕಾರಣ ನ್ಯಾಯದೃಷ್ಟಿಯಿಂದಲೇ ಅದನ್ನು ಕೈಬಿಡಲಾಗಿದೆ.

ಇನ್ನೊಂದು ಉಪದ್ರವ ಮಾತ್ರ ಶೇಷವಾಗಿದೆ. ರೇಖಾಗಣಿತದ ಪುಸ್ತಕದ ನಡುವೆ ಕಾದಂಬರಿಯನ್ನಿಟ್ಟುಕೊಂಡು, ಊಟದ ಗಂಟೆ ಹೊಡೆದುದು ಕೇಳಿಸದಂತೆ ಓದುವ ಮಕ್ಕಳು ಇಂದಿಗೂ ಇದ್ದಾರೆ. ದಂಡನೆಯಿಂದ ಇದು ಹೆಚ್ಚಾಗುವುದೇ ಹೊರತು ಕಡಮೆಯಾಗುವುದಿಲ್ಲ. ಆ ಕಾದಂಬರಿಯ ಹೆಸರನ್ನು ಕೇಳಿ ತಿಳಿದುಕೊಂಡು, ಮುಂದಿನ ವರ್ಷದಿಂದ ಅದನ್ನು ಪಠ್ಯವಾಗಿ ನಿಗದಿಪಡಿಸಿದರೆ ಸಾಕು.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿ: ಬೀರುವಿನ ಬೀಗದ ಕೈ ಎಲ್ಲಿತ್ತು?

ಆ) ಸಂದರ್ಭಸಹಿತ ಸ್ವಾರಸ್ಯವನ್ನು ವಿವರಿಸಿ: “ಸಾರ್, ಇದು ಪರೀಕ್ಷೆಗೆ ಬರುತ್ತದೆಯೇ?”

ಇ) ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿ: ಉಪಾಧ್ಯಾಯರು ಕಿಟಕಿಯ ಕಡೆಗೆ ತಿರುಗಿದುದರಿಂದಾದ ಅನನುಕೂಲಗಳಾವುವು?

ಈ) ಈ ಪ್ರಬಂಧವನ್ನು ಓದುವಾಗ ನಗು ಬಂದಿದ್ದಲ್ಲಿ, ಅದು ಬಂದ ವಾಕ್ಯವನ್ನು ಗುರುತಿಸಿ, ಲಕ್ಷಣ ಬರೆದು ಸಮನ್ವಯಗೊಳಿಸಿ. ಬಾರದವರಿಗೆ ಪೂರ್ಣ ಅಂಕ.