ಸೈಡಿಗೆ ನಿಂತ ಪ್ಯಾಸೆಂಜರ್

ಹೆಸರಿನಲ್ಲೇ ಪ್ರಯಾಣಿಕನನ್ನು ಹೊತ್ತ ರೈಲು ಪ್ಯಾಸೆಂಜರ್ ಒಂದೇ. ಕಂಡ ರೈಲಿಗೆಲ್ಲ ಸೈಡಿಗೆ ನಿಂತು ದಾರಿ ಬಿಡುವ ಸಂಭಾವಿತನೂ ಅದೇ. ಕೊರೊನಾ ಕಾಲದಲ್ಲಿ ಅದಕ್ಕೆ ಎಕ್ಸ್‌ಪ್ರೆಸ್ ಪಟ್ಟ ಕಟ್ಟಿದಾಗ ಕನಿಷ್ಠ ದರ 10ರಿಂದ 30 ರೂಪಾಯಿಗೆ ಓಡಿತು, ರೈಲು ಓಡಲಿಲ್ಲ. 2024ರಲ್ಲಿ ದರವೇನೋ ಇಳಿಯಿತು. ಸಿಗ್ನಲ್ ಮುಂದಿನ ತಪಸ್ಸು ತಪ್ಪಲಿಲ್ಲ. ಬೆಂಗಳೂರು–ಮೈಸೂರು ಮಾರ್ಗವನ್ನೇ ನೋಡಿ: ಜೋಡಿಹಳಿಯಿದೆ, ವಿದ್ಯುತ್ತಿದೆ, ನಿಲ್ದಾಣ ಬಿಟ್ಟೊಡನೆ ವೇಗ ಹಿಡಿಯಬಲ್ಲ ಮೆಮು ರೈಲು ಇದೆ. ಹಾಗಾಗಿ ಬೇಕಿರುವುದು ಹೊಸ ಬಣ್ಣವಲ್ಲ. ಕೆಲಸಕ್ಕೆ ಹೋಗಿಬರುವ ಹೊತ್ತಿನಲ್ಲಾದರೂ ಪ್ಯಾಸೆಂಜರ್‌ಗೆ ಮೊದಲ ಹಸಿರು ದೀಪ. ‘ದೂರದ ರೈಲು ತಡವಾಗುವುದಿಲ್ಲವೇ?’ ಎನ್ನಬಹುದು. ಆದೀತು. ಆದರೆ ರಾತ್ರಿಯಿಡೀ ಪಯಣಿಸುವವನಿಗೆ ಹತ್ತು ನಿಮಿಷವೆಂದರೆ ಇನ್ನೊಂದು ಆಕಳಿಕೆ. ದಿನಗೂಲಿಯವಳಿಗೆ ಅದು ಹಾಜರಿಯ ಪ್ರಶ್ನೆ. ಮದ್ದೂರಿನಲ್ಲಿ ಕೊಂಡ ವಡೆ ಬಿಸಿಯಾಗಿಯೇ ಮನೆ ಸೇರಿದರೆ, ಅದಕ್ಕಿಂತ ದೊಡ್ಡ ಸುಧಾರಣಾ ವರದಿ ಬೇಕೆ?